ಉಜ್ವಲ ನಕ್ಷತ್ರಗಳು: ಬಾಗಲಗುಂಟೆಯ ಆಕಾಶ, ಹಲವು ಭಾಷೆಗಳ ಹೆಸರು

ಉಜ್ವಲ ನಕ್ಷತ್ರಗಳು: ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಅತಿ ಹೆಚ್ಚು ಹೊಳೆಯುವ 21ನ್ನು ಮೊದಲ ದರ್ಜೆಯವೆಂದು ಎಣಿಸುವುದು ರೂಢಿ. ಬೆಂಗಳೂರಿನ ವಾಯವ್ಯ ಅಂಚಿನಲ್ಲಿರುವ ಬಾಗಲಗುಂಟೆಯಿಂದ ಈ ಇಪ್ಪತ್ತೊಂದೂ ವರ್ಷದ ಒಂದಲ್ಲ ಒಂದು ಕಾಲದಲ್ಲಿ ಕಾಣಿಸುತ್ತವೆ. ಸಂಸ್ಕೃತ, ಅರಬ್ಬೀ, ಗ್ರೀಕ್, ಲ್ಯಾಟಿನ್, ಚೀನೀ ಭಾಷೆಗಳಲ್ಲಿ ಇವುಗಳಿಗೆ ಬೇರೆ ಬೇರೆ ಹೆಸರುಗಳಿವೆ. ಕನ್ನಡ ನಾಡಿನಲ್ಲಿ ಅವುಗಳಲ್ಲಿ ಕೆಲವು ಮಾತ್ರ ದಿನಬಳಕೆಗೆ ಬಂದವು. ಯಾವ ಹೆಸರು ಜನರ ಬಾಯಲ್ಲಿ ಉಳಿಯಿತು ಎಂಬುದು ನಕ್ಷತ್ರದ ಹೊಳಪನ್ನು ಅವಲಂಬಿಸಿರಲಿಲ್ಲ. ಆ ನಕ್ಷತ್ರದಿಂದ ಜನ ಯಾವ ಕೆಲಸ ಮಾಡಿಸಿಕೊಂಡರು ಎಂಬುದನ್ನು ಅವಲಂಬಿಸಿತ್ತು.

ಸ್ಥಳ ಮತ್ತು ಆಕಾಶ

ಹೆಸರಘಟ್ಟ ಮುಖ್ಯರಸ್ತೆಯ ಬದಿಯ ಬಾಗಲಗುಂಟೆ ಟಿ. ದಾಸರಹಳ್ಳಿಗೆ ಹೊಂದಿಕೊಂಡ ಬಡಾವಣೆ. ತುಮಕೂರು ರಸ್ತೆಯ ಆಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿ. ಯಾವ ನಕ್ಷತ್ರ ಕಾಣುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದನ್ನು ಈ ಅಕ್ಷಾಂಶವೇ ತೀರ್ಮಾನಿಸುತ್ತದೆ. ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುವುದರಿಂದ ಕಟ್ಟಡಗಳ ಹಿಂದೆ ಮರೆಯಾಗುವುದೇ ಹೆಚ್ಚು. ರೋಹಿಣಿ, ಮಘಾ, ಸ್ವಾತಿಗಳು ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾಯುತ್ತವೆ. ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ 24 ಡಿಗ್ರಿಯವರೆಗೆ ಏರುತ್ತದೆ. ಅದೇ ನಕ್ಷತ್ರ ದೆಹಲಿಯಲ್ಲಿ 9 ಡಿಗ್ರಿಗೂ ಏರುವುದಿಲ್ಲ, ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ತ್ರಿಶಂಕು (ದಕ್ಷಿಣದ ಶಿಲುಬೆ) ಮತ್ತು ಕಿನ್ನರ ಪುಂಜದ ಜೋಡಿ ಉಜ್ವಲ ನಕ್ಷತ್ರಗಳು ಮೇ, ಜೂನ್ ತಿಂಗಳ ರಾತ್ರಿಗಳಲ್ಲಿ ದಕ್ಷಿಣ ದಿಗಂತದ ಮೇಲೆ ಸುಮಾರು 14ರಿಂದ 17 ಡಿಗ್ರಿ ಎತ್ತರದಲ್ಲಿ ಸಿಗುತ್ತವೆ.

ಕಾರ್ಖಾನೆ, ಹೆದ್ದಾರಿ, ಮೆಟ್ರೋ ಮಾರ್ಗಗಳ ದೀಪಗಳಿಂದ ಇಲ್ಲಿನ ಆಕಾಶ ರಾತ್ರಿಯಿಡೀ ಮಸುಕಾಗಿರುತ್ತದೆ. ಆಕಾಶಗಂಗೆ ಕಾಣುವುದಿಲ್ಲ, ಮಂದ ನಕ್ಷತ್ರಗಳು ಕರಗಿಹೋಗುತ್ತವೆ. ಮಹಡಿಯ ತಾರಸಿಯಿಂದ ಸಲೀಸಾಗಿ ಕಾಣುವುದು ಮೊದಲ ದರ್ಜೆಯವು ಮತ್ತು ಅವುಗಳ ಹಿಂದಿನ ಒಂದಷ್ಟು.

ಹೊಳಪಿನ ಅಳತೆ

ನಕ್ಷತ್ರಗಳ ಹೊಳಪನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಒಂದು ಕಾಂತಿಮಾನದ ವ್ಯತ್ಯಾಸವೆಂದರೆ ಹೊಳಪಿನಲ್ಲಿ ಸುಮಾರು 2.5 ಪಟ್ಟು, ಐದರ ವ್ಯತ್ಯಾಸವೆಂದರೆ ಸರಿಯಾಗಿ 100 ಪಟ್ಟು. ಕೆಳಗಿನ ಪಟ್ಟಿಯಲ್ಲಿ ಬಾಗಲಗುಂಟೆಯಿಂದ ಸುಲಭವಾಗಿ ಗುರುತಿಸಬಹುದಾದ ಹನ್ನೊಂದು ನಕ್ಷತ್ರಗಳಿವೆ. ಕೊನೆಯ ಕಾಲಮಿನಲ್ಲಿರುವುದು ರಾತ್ರಿ 9 ಗಂಟೆಗೆ ಆ ನಕ್ಷತ್ರ ಅತಿ ಎತ್ತರಕ್ಕೆ ಬರುವ ಕಾಲ.

| ಭಾರತೀಯ ಹೆಸರು | ಅಂತರರಾಷ್ಟ್ರೀಯ ಹೆಸರು | ಕಾಂತಿಮಾನ | ದೂರ (ಜ್ಯೋತಿರ್ವರ್ಷ, ಸುಮಾರು) | ಕಾಲ |
|---|---|---|---|---|
| ಲುಬ್ಧಕ | ಸಿರಿಯಸ್ | −1.46 | 8.6 | ಫೆಬ್ರವರಿ ಮಧ್ಯ |
| ಅಗಸ್ತ್ಯ | ಕನೋಪಸ್ | −0.74 | 310 | ಫೆಬ್ರವರಿ ಮಧ್ಯ |
| ಸ್ವಾತಿ | ಆರ್ಕ್‌ಟ್ಯೂರಸ್ | −0.05 | 37 | ಜೂನ್ ಮಧ್ಯ |
| ಅಭಿಜಿತ್ | ವೇಗಾ | 0.03 | 25 | ಆಗಸ್ಟ್ ಕೊನೆ |
| ಬ್ರಹ್ಮಹೃದಯ | ಕಪೆಲ್ಲಾ | 0.08 | 43 | ಜನವರಿ ಕೊನೆ |
| ಆರ್ದ್ರಾ | ಬೆಟೆಲ್‌ಗ್ಯೂಸ್ | 0.5ರ ಆಸುಪಾಸು | 500–700 | ಫೆಬ್ರವರಿ ಆರಂಭ |
| ಶ್ರವಣ | ಆಲ್ಟೇರ್ | 0.76 | 17 | ಸೆಪ್ಟೆಂಬರ್ ಆರಂಭ |
| ರೋಹಿಣಿ | ಆಲ್ಡೆಬರಾನ್ | 0.86 | 65 | ಜನವರಿ ಮಧ್ಯ |
| ಚಿತ್ರಾ | ಸ್ಪೈಕಾ | 0.97 | 250 | ಜೂನ್ ಆರಂಭ |
| ಜ್ಯೇಷ್ಠಾ | ಅಂಟಾರಿಸ್ | 1.0ರ ಆಸುಪಾಸು | 550 | ಜುಲೈ ಮಧ್ಯ |
| ಮಘಾ | ರೆಗ್ಯುಲಸ್ | 1.4 | 79 | ಏಪ್ರಿಲ್ ಮಧ್ಯ |

ಆರ್ದ್ರಾ ಮತ್ತು ಜ್ಯೇಷ್ಠಾ ಎರಡೂ ಕೆಂಪು ಮಹಾದೈತ್ಯಗಳು, ಅವುಗಳ ಹೊಳಪು ಏರಿಳಿಯುತ್ತಿರುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ ಎಷ್ಟು ಮಂಕಾಯಿತೆಂದರೆ ಅದರ ಕಾಂತಿಮಾನ 1.6ರ ಹತ್ತಿರಕ್ಕೆ ಬಂದು, ಬರಿಗಣ್ಣಿಗೂ ವ್ಯತ್ಯಾಸ ತಿಳಿಯುವಂತಾಗಿತ್ತು.

ಚಂದ್ರನ ಹಾದಿ ಮತ್ತು ಇಪ್ಪತ್ತೇಳು ಹೆಸರು

ಭಾರತೀಯ ಪದ್ಧತಿಯಲ್ಲಿ ನಕ್ಷತ್ರ ಎಂಬುದು ಎರಡು ಅರ್ಥದಲ್ಲಿ ಬಳಕೆಯಾಗುತ್ತದೆ. ಒಂದು, ಆಕಾಶದಲ್ಲಿ ಹೊಳೆಯುವ ಚುಕ್ಕೆ. ಇನ್ನೊಂದು, ಸೂರ್ಯ ಚಂದ್ರರು ಸಾಗುವ ಕ್ರಾಂತಿವೃತ್ತದ ಇಪ್ಪತ್ತೇಳನೆಯ ಒಂದು ಪಾಲು, ಅಂದರೆ 13 ಡಿಗ್ರಿ 20 ಕಲೆಗಳ ವಿಭಾಗ. ಚಂದ್ರ ದಿನಕ್ಕೆ ಸುಮಾರು ಒಂದು ವಿಭಾಗ ದಾಟುತ್ತಾನೆ. ಪ್ರತಿ ವಿಭಾಗಕ್ಕೂ ಅದರ ಬಳಿಯ ಒಂದು ನಕ್ಷತ್ರದ ಅಥವಾ ಗುಂಪಿನ ಹೆಸರು ಬಂತು. ಗುರುತಿಗೆ ಒಂದು ಚುಕ್ಕೆ ಬೇಕಾಗಿತ್ತೇ ಹೊರತು ಅದು ಪ್ರಖರವಾಗಿಯೇ ಇರಬೇಕೆಂದಿರಲಿಲ್ಲ. ಹೀಗಾಗಿ ರೋಹಿಣಿ, ಚಿತ್ರಾ, ಸ್ವಾತಿಗಳಂಥ ಉಜ್ವಲ ನಕ್ಷತ್ರಗಳ ಸಾಲಿನಲ್ಲೇ ಭರಣಿ, ಆಶ್ಲೇಷಾ, ರೇವತಿಗಳಂಥ ಮಂದ ಚುಕ್ಕೆಗಳೂ ಸೇರಿದವು. ಅಭಿಜಿತ್ ಮೊದಲು ಇಪ್ಪತ್ತೆಂಟನೆಯದಾಗಿ ಈ ಸಾಲಿನಲ್ಲಿತ್ತು, ಸಮಪಾಲಿನ ಲೆಕ್ಕ ಬಂದಾಗ ಹೊರಬಿತ್ತು. ಆಕಾಶದಲ್ಲಿ ಐದನೆಯ ಸ್ಥಾನದಲ್ಲಿರುವ ಈ ನಕ್ಷತ್ರದ ಹೆಸರು ಇಂದು ಬಹುಪಾಲು ಕೇಳಿಬರುವುದು ನಡುಹಗಲಿನ ಅಭಿಜಿನ್ ಮುಹೂರ್ತದಲ್ಲಿ.

ಚಾಂದ್ರಮಾಸಗಳ ಹೆಸರುಗಳೂ ಇದೇ ಸಾಲಿನವು. ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಬಳಿ ಇರುತ್ತಾನೋ ಆ ತಿಂಗಳಿಗೆ ಅದರ ಹೆಸರು: ಚಿತ್ರೆಯಿಂದ ಚೈತ್ರ, ವಿಶಾಖೆಯಿಂದ ವೈಶಾಖ, ಕೃತ್ತಿಕೆಯಿಂದ ಕಾರ್ತೀಕ, ಮಘೆಯಿಂದ ಮಾಘ. ಆದ್ದರಿಂದ ಮಾಸದ ಹೆಸರಿನ ನಕ್ಷತ್ರ ಆ ತಿಂಗಳು ರಾತ್ರಿಯಿಡೀ ಆಕಾಶದಲ್ಲಿರುತ್ತದೆ.

ಮಳೆ ನಕ್ಷತ್ರಗಳು

ರೈತರ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ಎಣಿಕೆಗೆ ಬರುವವನು ಸೂರ್ಯ. ಸೂರ್ಯ ಒಂದೊಂದು ವಿಭಾಗದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ಅವಧಿಯಲ್ಲಿ ಸುರಿಯುವ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಹುಟ್ಟುತ್ತದೆ, ತಿಂಗಳ ಕೊನೆಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರಾ, 22ಕ್ಕೆ ಆರಿದ್ರಾ. ಆಗಸ್ಟ್ 17ರ ಹೊತ್ತಿಗೆ ಮಘೆ, ಅಕ್ಟೋಬರ್ 11ಕ್ಕೆ ಚಿತ್ತೆ, 24ಕ್ಕೆ ಸ್ವಾತಿ. ಉತ್ತರ ಕರ್ನಾಟಕದಲ್ಲಿ ಮೃಗಶಿರಾ ಮಿರಗ ಎನಿಸಿಕೊಂಡರೆ, ಪೂರ್ವಾ ಫಲ್ಗುಣಿ ಹಳೆ ಮೈಸೂರಿನ ಕಡೆ ಹುಬ್ಬೆ ಆಗಿದೆ. ‘ಭರಣಿ ಬಂದರೆ ಧರಣಿ ಬದುಕೀತು’, ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’, ‘ಮಘೆ ಮಳೆ ಬಂದಷ್ಟೂ ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆಗಳು ಈ ಲೆಕ್ಕದ ಸುತ್ತ ಹುಟ್ಟಿದವು. ಬಾಗಲಗುಂಟೆ ಹಳ್ಳಿಯಾಗಿದ್ದ ಕಾಲದಲ್ಲಿ ಈ ಸೀಮೆಯ ಮುಖ್ಯ ಬೆಳೆ ಮಳೆಯಾಶ್ರಿತ ರಾಗಿ. ಬಿತ್ತನೆಯ ಮಾತು ಇಂಗ್ಲಿಷ್ ತಾರೀಕಿನಲ್ಲಿ ನಡೆಯದೆ ಮಳೆಯ ಹೆಸರಿನಲ್ಲಿ ನಡೆಯುತ್ತಿತ್ತು.

ಸೂರ್ಯ ಜೊತೆಗಿರುವುದರಿಂದ ಮಳೆಯ ಹೆಸರಿನ ನಕ್ಷತ್ರ ಆ ದಿನಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ರೋಹಿಣಿ ಮಳೆಯ ಹೊತ್ತಿಗೆ ರೋಹಿಣಿ ನಕ್ಷತ್ರ ಸೂರ್ಯನ ಪ್ರಭೆಯಲ್ಲಿ ಮುಳುಗಿರುತ್ತದೆ, ಜೂನ್ ಆರಂಭದಲ್ಲಿ ಸೂರ್ಯ ಅದರ ಪಕ್ಕದಲ್ಲೇ ಹಾಯುತ್ತಾನೆ. ಮಘೆ, ಚಿತ್ತೆಗಳದೂ ಇದೇ ಕಥೆ. ಕ್ರಾಂತಿವೃತ್ತದಿಂದ 30 ಡಿಗ್ರಿಯಷ್ಟು ಉತ್ತರಕ್ಕಿರುವ ಸ್ವಾತಿ ಇದಕ್ಕೆ ಹೊರತು. ಮಳೆಗಾಲದ ಸಂಜೆಯ ಆಕಾಶದಲ್ಲಿ ನಿಜಕ್ಕೂ ಇರುವ ಚಿತ್ರಾ, ಸ್ವಾತಿ, ಜ್ಯೇಷ್ಠಾಗಳನ್ನು ಮೋಡ ಮುಚ್ಚಿರುತ್ತದೆ. ಹೀಗೆ ಮಳೆ ನಕ್ಷತ್ರದ ಜ್ಞಾನ ಆಕಾಶವನ್ನು ನೋಡಿ ಕಲಿತದ್ದಾಗಿ ಉಳಿಯದೆ, ಪಂಚಾಂಗ ಓದುವವರ ಬಾಯಿಂದ ಕೇಳಿ ಕಲಿತದ್ದಾಯಿತು. ಆರಿದ್ರಾ ಮಳೆಯನ್ನು ಬಲ್ಲ ಹಿರಿಯರಿಗೆ ಜನವರಿಯ ರಾತ್ರಿ ಕೆಂಪಗೆ ಹೊಳೆಯುವ ಆರ್ದ್ರಾ ನಕ್ಷತ್ರದ ಗುರುತು ಇರಲೇಬೇಕೆಂದೇನಿಲ್ಲ.

ಈ ಮಳೆ ಲೆಕ್ಕ ನೆರೆಭಾಷೆಗಳಲ್ಲೂ ಇದೆ. ತೆಲುಗಿನಲ್ಲಿ ಅದು ಕಾರ್ತೆ: ರೋಹಿಣಿ ಕಾರ್ತೆ ಎಂದರೆ ಅಲ್ಲಿ ಸುಡುಬಿಸಿಲು, ಮೃಗಶಿರ ಕಾರ್ತೆ ಎಂದರೆ ಮುಂಗಾರು. ಮಲಯಾಳದಲ್ಲಿ ಞಾಟ್ಟುವೇಲ, ಅದರಲ್ಲೂ ತಿರುವಾದಿರ ಞಾಟ್ಟುವೇಲ ಗಿಡ ನೆಡಲು ಹೆಸರಾದದ್ದು. ಮರಾಠಿಯಲ್ಲಿ ಮೃಗ ನಕ್ಷತ್ರ ಬಿತ್ತನೆಯ ಆರಂಭ. ಆರ್ದ್ರಾ ತಮಿಳಿನಲ್ಲಿ ತಿರುವಾದಿರೈ, ಶ್ರವಣ ತಿರುವೋಣಂ. ಕೇರಳದ ಓಣಂ ಹಬ್ಬದ ಹೆಸರು ಬಂದದ್ದು ಇದರಿಂದ, ಅಂದರೆ ಆಲ್ಟೇರ್ ನಕ್ಷತ್ರದಿಂದ. ಉತ್ತರ ಕರ್ನಾಟಕದಿಂದ, ಆಂಧ್ರ ತಮಿಳುನಾಡುಗಳಿಂದ ಪೀಣ್ಯದ ಕಾರ್ಖಾನೆಗಳಿಗೆ ಕೆಲಸ ಹುಡುಕಿ ಬಂದವರ ನಡುವೆ ಒಂದೇ ನಕ್ಷತ್ರಕ್ಕೆ ಇಷ್ಟೂ ಹೆಸರುಗಳು ಓಡಾಡುತ್ತವೆ.

ಮಳೆಯಿಲ್ಲದ, ಮಾಸವಿಲ್ಲದ ನಕ್ಷತ್ರಗಳು

ಆಕಾಶದ ಮೊದಲ ಎರಡು ಸ್ಥಾನಗಳಲ್ಲಿರುವ ಲುಬ್ಧಕ ಮತ್ತು ಅಗಸ್ತ್ಯ ಎರಡೂ ಚಂದ್ರನ ಹಾದಿಯಿಂದ ದೂರ. ಇವುಗಳ ಹೆಸರಿನಲ್ಲಿ ಮಳೆಯಿಲ್ಲ, ತಿಂಗಳಿಲ್ಲ, ಯಾರ ಜನ್ಮನಕ್ಷತ್ರವೂ ಇವಲ್ಲ. ಸೂರ್ಯಸಿದ್ಧಾಂತ ತನ್ನ ಎಂಟನೆಯ ಅಧ್ಯಾಯದಲ್ಲಿ ಇಪ್ಪತ್ತೇಳರ ಸಾಲಿನ ಜೊತೆಗೆ ಅಗಸ್ತ್ಯ, ಮೃಗವ್ಯಾಧ (ಲುಬ್ಧಕ), ಬ್ರಹ್ಮಹೃದಯ ಮುಂತಾದ ಕೆಲವಕ್ಕೆ ಸ್ಥಾನ ನಿರ್ದೇಶಿಸುತ್ತದೆ. ಶಾಸ್ತ್ರದಲ್ಲಿ ಸ್ಥಾನ ಸಿಕ್ಕಿದರೂ ಲುಬ್ಧಕ ಎಂಬ ಹೆಸರು ಕನ್ನಡದಲ್ಲಿ ಪುಸ್ತಕ ದಾಟಿ ಹೊರಬಂದದ್ದು ಕಡಿಮೆ. ಮಂದವಾಗಿ ಹೊಳೆಯುವ ಭರಣಿಯ ಹೆಸರನ್ನು ಪ್ರತಿ ರೈತನೂ ಬಲ್ಲ, ಎಲ್ಲಕ್ಕಿಂತ ಪ್ರಖರವಾದ ಲುಬ್ಧಕವನ್ನು ಬಲ್ಲವರು ಕೆಲವರು.

ಈಜಿಪ್ಟಿನಲ್ಲಿ ನಡೆದದ್ದು ಬೇರೆ. ಲುಬ್ಧಕ ಸೂರ್ಯೋದಯಕ್ಕೆ ಮುಂಚೆ ಮೂಡಣದಲ್ಲಿ ಮತ್ತೆ ಕಾಣಿಸಿಕೊಂಡರೆ ಅಲ್ಲಿ ನೈಲ್ ನದಿಯ ನೆರೆ ಹತ್ತಿರ ಬಂತೆಂದು ಲೆಕ್ಕ. ಸೋಪ್ಡೆಟ್ ಎಂಬ ಹೆಸರಿನಲ್ಲಿ ಅದು ದೇವತೆಯಾಯಿತು. ಗ್ರೀಕರಿಗೆ ಅದು ಬೇಸಿಗೆಯ ಸುಡು ನಕ್ಷತ್ರ, ಸಿರಿಯಸ್ ಎಂಬುದಕ್ಕೆ ಉರಿಯುವಂಥದ್ದು ಎಂದೇ ಅರ್ಥ. ಚೀನೀಯರು ಆಕಾಶದ ತೋಳ ಎಂದರು. ವೈದಿಕ ಕಥೆಯಲ್ಲಿ ಜಿಂಕೆಯ ರೂಪ ತಾಳಿದ ಪ್ರಜಾಪತಿಯನ್ನು ಬೆನ್ನಟ್ಟಿದ ಬೇಡ ಇವನು. ಜಿಂಕೆಯ ತಲೆ ಮೃಗಶಿರ, ನಡುವಿನ ಮೂರು ನಕ್ಷತ್ರಗಳ ಸಾಲು ಬೇಡನ ಬಾಣ. ಅದೇ ಪುಂಜವನ್ನು ಗ್ರೀಕರು ಒರೈಯನ್ ಎಂಬ ಬೇಟೆಗಾರನಾಗಿ ಕಂಡರು. ಆಧುನಿಕ ಕನ್ನಡ ಪುಸ್ತಕಗಳು ಆ ಬೇಟೆಗಾರನನ್ನು ಮಹಾವ್ಯಾಧ ಎಂದು ಕರೆದಿದ್ದರಿಂದ, ನಮ್ಮ ಜಿಂಕೆ ಇದ್ದ ಜಾಗದಲ್ಲೇ ಇನ್ನೊಬ್ಬ ಬೇಡ ಬಂದು ನಿಂತಂತಾಗಿದೆ.

ಅಗಸ್ತ್ಯನ ಹೆಸರಿಗೆ ದಕ್ಷಿಣದೊಂದಿಗೆ ನಂಟು ಗಟ್ಟಿ. ವಿಂಧ್ಯ ದಾಟಿ ಬಂದ ಋಷಿಯ ಹೆಸರನ್ನೇ ದಕ್ಷಿಣದ ನಕ್ಷತ್ರಕ್ಕಿಟ್ಟರು. ಅವನ ಕಮಂಡಲುವಿನಿಂದ ತಲಕಾವೇರಿಯಲ್ಲಿ ಕಾವೇರಿ ಹರಿದಳೆಂಬುದು ಕೊಡಗಿನ ಐತಿಹ್ಯ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯಚಾರವೆಂಬ ಅಧ್ಯಾಯವೇ ಇದೆ. ಮಳೆಗಾಲದ ಕೊನೆಗೆ ಅಗಸ್ತ್ಯೋದಯವಾದರೆ ಕಲಕಿದ ನೀರು ತಿಳಿಯಾಗುತ್ತದೆ ಎಂಬ ನಂಬಿಕೆ ಹಳೆಯದು. ಅರಬ್ಬೀಯಲ್ಲಿ ಇದು ಸುಹೈಲ್. ಚೀನಾದಲ್ಲಿ ದೀರ್ಘಾಯುಷ್ಯ ಕೊಡುವ ಮುದುಕನ ನಕ್ಷತ್ರ. ಆ ದೇಶದ ಬಹುಭಾಗದಲ್ಲಿ ಅದು ದಿಗಂತಕ್ಕೆ ಅಂಟಿಕೊಂಡಂತೆ ಅಪರೂಪವಾಗಿ ಕಾಣುತ್ತದೆ.

ಜ್ಯೇಷ್ಠಾ ನಕ್ಷತ್ರದ ಸ್ಥಿತಿ ಮಳೆ ನಕ್ಷತ್ರಗಳಿಗೂ ಇಂಥ ನಕ್ಷತ್ರಗಳಿಗೂ ನಡುವಿನದು. ಹೊಳಪಿನಲ್ಲಿ ಅದು ಚಿತ್ರೆಗೆ ಸಮ, ಆದರೆ ಸೂರ್ಯ ಅಲ್ಲಿಗೆ ಬರುವುದು ಡಿಸೆಂಬರಿನಲ್ಲಿ, ಬಯಲುಸೀಮೆಯ ಮಳೆ ಮುಗಿದ ಮೇಲೆ. ಆದ್ದರಿಂದ ಚಿತ್ತೆ ಮಳೆಯಂತೆ ಜ್ಯೇಷ್ಠಾ ಮಳೆ ಎಂಬ ಮಾತು ಬೆಳೆಯಲಿಲ್ಲ, ಹೆಸರು ಉಳಿದದ್ದು ಜ್ಯೇಷ್ಠ ಮಾಸದಲ್ಲಿ.

ಮದುವೆಯಲ್ಲಿ ತೋರಿಸುವ ಅರುಂಧತಿಯದೂ ಬಳಕೆಯಿಂದಲೇ ಉಳಿದ ಹೆಸರು. ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದ ಈ ನಕ್ಷತ್ರದ ಕಾಂತಿಮಾನ ಸುಮಾರು 4. ಪುರೋಹಿತರು ಹಗಲಲ್ಲೇ ಬೆರಳು ತೋರಿಸಿ ಶಾಸ್ತ್ರ ಮುಗಿಸುವುದು ಇಂದಿನ ಕಲ್ಯಾಣ ಮಂಟಪಗಳ ರೂಢಿ. ಬಾಗಲಗುಂಟೆಯಲ್ಲಿ ರಾತ್ರಿ ಹುಡುಕಿದರೂ ಅದು ಸುಲಭಕ್ಕೆ ಸಿಗುವುದಿಲ್ಲ.

ಅರಬ್ಬೀ ಹೆಸರುಗಳು ಮತ್ತು ಯಂತ್ರರಾಜ

ಕ್ರಿ.ಶ. 150ರ ಸುಮಾರಿಗೆ ಟಾಲೆಮಿ ತನ್ನ ಅಲ್ಮಜೆಸ್ಟ್ ಗ್ರಂಥದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ಪಟ್ಟಿಮಾಡಿದ. ಅನೇಕ ನಕ್ಷತ್ರಗಳನ್ನು ಅವನು ಗುರುತಿಸಿದ್ದು ಪುಂಜದ ಚಿತ್ರದಲ್ಲಿ ಅವು ಇರುವ ಅಂಗದಿಂದ. ಪರ್ಷಿಯಾದ ಅಲ್ ಸೂಫಿ 964ರಲ್ಲಿ ಈ ಪಟ್ಟಿಯನ್ನು ಪರಿಷ್ಕರಿಸಿ, ಅರಬ್ಬರ ರೂಢಿಯ ಹೆಸರುಗಳನ್ನೂ ಸೇರಿಸಿದ. ಲ್ಯಾಟಿನ್ ಅನುವಾದಗಳ ಮೂಲಕ ಅವು ಯುರೋಪಿಗೆ ಹೋದವು. ರೈಜೆಲ್ ಎಂದರೆ ಪಾದ, ಡೆನೆಬ್ ಎಂದರೆ ಬಾಲ, ಫೊಮಲ್‌ಹಾಟ್ ಎಂದರೆ ಮೀನಿನ ಬಾಯಿ. ಆಲ್ಟೇರ್ ಹಾರುವ ಹದ್ದು, ವೇಗಾ ಎರಗುವ ಹದ್ದು. ಕೃತ್ತಿಕೆಯ ಹಿಂದೆಯೇ ಬರುವ ರೋಹಿಣಿಗೆ ಹಿಂಬಾಲಿಸುವವನು ಎಂಬ ಅರ್ಥದ ಆಲ್ಡೆಬರಾನ್. ನಕಲು ಮಾಡುವಾಗ ಅರಬ್ಬೀ ಲಿಪಿಯ ಚುಕ್ಕೆ ತಪ್ಪಿ, ಕೈ ಎಂಬರ್ಥದ ಯದ್ ಎಂಬುದು ಬದ್ ಆಗಿ ಬೆಟೆಲ್‌ಗ್ಯೂಸ್ ಹುಟ್ಟಿತು. ಪೂರ್ವ ಏಷ್ಯಾದಲ್ಲಿ ಇದೇ ವೇಗಾ ನೇಯುವ ಹುಡುಗಿ, ಆಲ್ಟೇರ್ ದನಗಾಹಿ. ಆಕಾಶಗಂಗೆಯ ಎರಡು ದಡಗಳಲ್ಲಿರುವ ಇವರು ವರ್ಷಕ್ಕೊಮ್ಮೆ ಸೇರುವ ಕಥೆಯಿಂದ ಜಪಾನಿನ ತನಬಾತ ಹಬ್ಬ ಬಂತು.

ಅರಬ್ಬೀ ಪರಂಪರೆ ಭಾರತಕ್ಕೂ ನೇರವಾಗಿ ಬಂತು. ಫಿರೋಜ್ ಷಾ ತುಘಲಕ್‌ನ ಆಸ್ಥಾನದಲ್ಲಿದ್ದ ಜೈನ ವಿದ್ವಾಂಸ ಮಹೇಂದ್ರ ಸೂರಿ 1370ರಲ್ಲಿ ಆಸ್ಟ್ರೋಲೇಬ್ ಎಂಬ ಖಗೋಳ ಉಪಕರಣದ ಬಗ್ಗೆ ಯಂತ್ರರಾಜ ಎಂಬ ಸಂಸ್ಕೃತ ಗ್ರಂಥ ಬರೆದು, ಅದರಲ್ಲಿ 32 ನಕ್ಷತ್ರಗಳ ಪಟ್ಟಿ ಕೊಟ್ಟ. ಆಸ್ಟ್ರೋಲೇಬ್ ಬಳಸುವವನಿಗೆ ಕ್ರಾಂತಿವೃತ್ತದ ಹಂಗಿಲ್ಲ, ರಾತ್ರಿ ಹೊತ್ತು ತಿಳಿಯಲು ಕಣ್ಣಿಗೆ ಎದ್ದು ಕಾಣುವ ನಕ್ಷತ್ರ ಬೇಕು. ಪ್ರಖರತೆಯೇ ಇಲ್ಲಿ ಆಯ್ಕೆಯ ಅಳತೆಯಾಯಿತು.

ಕನ್ನಡದಲ್ಲಿ ಖಗೋಳ

ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ರಚಿಸಿದ ಗಣಿತಗನ್ನಡಿ, ಪಂಚಾಂಗ ಗಣಿತವನ್ನು ಕನ್ನಡದಲ್ಲಿ ವಿವರಿಸುವ ಕೃತಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಸೀತಾರಾಮ ಜಾವಗಲ್ ಇದನ್ನು ಸಂಪಾದಿಸಿ 2021ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. 20ನೆಯ ಶತಮಾನದಲ್ಲಿ ಆಕಾಶ ನೋಡುವುದನ್ನು ಕನ್ನಡ ಓದುಗರಿಗೆ ಕಲಿಸಿದವರಲ್ಲಿ ಜಿ.ಟಿ. ನಾರಾಯಣರಾವ್ (1926–2008) ಪ್ರಮುಖರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿದ್ದ ಅವರ ನಕ್ಷತ್ರವೀಕ್ಷಣೆ ಪುಸ್ತಕ ಹವ್ಯಾಸಿಗಳ ಕೈಪಿಡಿಯಾಯಿತು. ವಿಜಯಸಾರಥಿ, ರಾಜಹಂಸ, ಕಿನ್ನರ, ದೇವನೌಕೆಯಂಥ ಪುಂಜನಾಮಗಳು ಕನ್ನಡದಲ್ಲಿ ಬಳಕೆಗೆ ಬಂದದ್ದು ಇಂಥ ಬರವಣಿಗೆಯಿಂದ. 1989ರಲ್ಲಿ ಆರಂಭವಾದ ತಾರಾಲಯದಲ್ಲಿ ಈ ಹೆಸರುಗಳು ಕನ್ನಡ ಪ್ರದರ್ಶನಗಳ ಮೂಲಕ ಶಾಲಾ ಮಕ್ಕಳ ಕಿವಿಗೆ ಬೀಳುತ್ತಿವೆ.

ಅಕ್ಷರ, ಸಂಖ್ಯೆ ಮತ್ತು ಪೀಣ್ಯ

ಜರ್ಮನಿಯ ಯೋಹಾನ್ ಬೇಯರ್ 1603ರಲ್ಲಿ ಪ್ರತಿ ಪುಂಜದ ನಕ್ಷತ್ರಗಳಿಗೆ ಆಲ್ಫಾ, ಬೀಟಾ ಎಂದು ಗ್ರೀಕ್ ಅಕ್ಷರಗಳನ್ನು ಕೊಟ್ಟ ಮೇಲೆ ಖಗೋಳಜ್ಞರಿಗೆ ಹೆಸರಿನ ಅಗತ್ಯ ಕಡಿಮೆಯಾಯಿತು. 1989ರಲ್ಲಿ ಹಾರಿಬಿಟ್ಟ ಯುರೋಪಿನ ಹಿಪಾರ್ಕೋಸ್ ಉಪಗ್ರಹದ ಪಟ್ಟಿಯಲ್ಲಿ 1,18,218 ನಕ್ಷತ್ರಗಳಿವೆ, ಲುಬ್ಧಕ ಅಲ್ಲಿ 32349ನೆಯ ಸಂಖ್ಯೆ. ಹೆಸರುಗಳ ಗೊಂದಲ ನಿವಾರಿಸಲು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2016ರಲ್ಲಿ ಒಂದು ಕಾರ್ಯತಂಡ ರಚಿಸಿತು. ಅದರ ಪಟ್ಟಿಯಲ್ಲಿ ಉಜ್ವಲ ನಕ್ಷತ್ರಗಳಿಗೆ ಗ್ರೀಕ್, ಲ್ಯಾಟಿನ್, ಅರಬ್ಬೀ ಹೆಸರುಗಳೇ ಅಧಿಕೃತವಾದವು. ಭಾರತೀಯ ಹೆಸರುಗಳು ಒಳಬಂದದ್ದು ಮಂದ ನಕ್ಷತ್ರಗಳ ದಾರಿಯಿಂದ: ಮೇಷ ಪುಂಜದ 41ನೆಯ ನಕ್ಷತ್ರ ಈಗ ಭರಣಿ, ಮೀನ ಪುಂಜದ ಜೀಟಾ ಈಗ ರೇವತಿ. 2019ರಲ್ಲಿ ಭೌತವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ ಇನ್ನೊಂದು ನಕ್ಷತ್ರಕ್ಕೆ ಬಿಭಾ ಎಂದೂ ಅದರ ಗ್ರಹಕ್ಕೆ ಸಂತಮಸ ಎಂದೂ ಹೆಸರಿಟ್ಟರು.

ಚಿತ್ರಾ ನಕ್ಷತ್ರಕ್ಕೆ ಸ್ವತಂತ್ರ ಭಾರತ ಒಂದು ಸರ್ಕಾರಿ ಕೆಲಸವನ್ನೇ ವಹಿಸಿತು. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ (1952–55) ರಾಶಿಚಕ್ರದ ಆರಂಭಬಿಂದುವನ್ನು ಚಿತ್ರೆಗೆ 180 ಡಿಗ್ರಿ ಎದುರಿಗೆ ಗುರುತಿಸಿತು, ರಾಷ್ಟ್ರೀಯ ಪಂಚಾಂಗ ಅದನ್ನು ಅನುಸರಿಸುತ್ತದೆ. ಭೂಮಿಯ ಅಕ್ಷದ ನಿಧಾನ ಸುತ್ತಾಟದಿಂದ ನಕ್ಷತ್ರದ ಲೆಕ್ಕಕ್ಕೂ ಋತುವಿಗೂ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಡಿಸೆಂಬರ್ 21–22ರ ಉತ್ತರಾಯಣಕ್ಕೂ ಜನವರಿ 14–15ರ ಸಂಕ್ರಾಂತಿಗೂ ಇರುವ ಅಂತರ ಇದೇ. ಮಳೆ ನಕ್ಷತ್ರಗಳೂ ಇದೇ ರೀತಿ ಋತುವಿನಲ್ಲಿ ಮುಂದಕ್ಕೆ ಜಾರುತ್ತಿವೆ.

ಬಾಗಲಗುಂಟೆಯ ನೆರೆಯ ಪೀಣ್ಯದಲ್ಲಿ ನಕ್ಷತ್ರಗಳಿಗೆ ಇನ್ನೊಂದು ಉದ್ಯೋಗ ಸಿಕ್ಕಿದೆ. 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಪೀಣ್ಯದ ಶೆಡ್ಡುಗಳಲ್ಲಿ. ಅದೇ ಜಾಗದಲ್ಲಿ ಈಗ ಇಸ್ರೋದ ಲಿಯೋಸ್ ಪ್ರಯೋಗಾಲಯವಿದೆ, ಉಪಗ್ರಹಗಳಿಗೆ ಬೇಕಾದ ನಕ್ಷತ್ರ ಸಂವೇದಕಗಳನ್ನು (ಸ್ಟಾರ್ ಸೆನ್ಸರ್) ಅದು ರೂಪಿಸುತ್ತದೆ. ಸಂವೇದಕವೆಂದರೆ ಒಂದು ಕ್ಯಾಮೆರಾ ಮತ್ತು ಅದರೊಳಗೆ ತುಂಬಿಟ್ಟ ನಕ್ಷತ್ರಪಟ್ಟಿ. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಉಜ್ವಲ ನಕ್ಷತ್ರಗಳ ನಡುವಿನ ಕೋನಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ನೌಕೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಅದು ಲೆಕ್ಕಹಾಕುತ್ತದೆ. ಪೀಣ್ಯದಲ್ಲೇ ಇರುವ ಇಸ್ಟ್ರಾಕ್ ಕೇಂದ್ರದಿಂದ ಚಂದ್ರಯಾನಗಳ ನಿಯಂತ್ರಣ ನಡೆಯಿತು. 2009ರಲ್ಲಿ ಚಂದ್ರಯಾನ-1ರ ನಕ್ಷತ್ರ ಸಂವೇದಕಗಳು ಕೆಟ್ಟಾಗ ಗೈರೋಸ್ಕೋಪ್‌ಗಳ ನೆರವಿನಿಂದ ನೌಕೆಯನ್ನು ನಡೆಸಬೇಕಾಯಿತು, ಅದರ ಕಕ್ಷೆಯನ್ನೂ 100 ಕಿಲೋಮೀಟರಿನಿಂದ 200ಕ್ಕೆ ಏರಿಸಲಾಯಿತು.

ಅಂತರಿಕ್ಷಯಾನದ ಆರಂಭದಲ್ಲಿ ಈ ಕೆಲಸ ಒಂದೇ ನಕ್ಷತ್ರದ್ದಾಗಿತ್ತು. 1964ರಲ್ಲಿ ಮಂಗಳದತ್ತ ಹೊರಟ ಅಮೆರಿಕದ ಮ್ಯಾರಿನರ್-4 ಸೂರ್ಯ ಮತ್ತು ಅಗಸ್ತ್ಯ ಎರಡನ್ನೇ ಹಿಡಿದು ದಿಕ್ಕು ಕಾಯ್ದುಕೊಂಡಿತು. ಪ್ರಖರವಾಗಿದ್ದು ಸೂರ್ಯನ ಹಾದಿಯಿಂದ ಬಲು ದೂರ ಇರುವುದೇ ಅಗಸ್ತ್ಯನ ಆಯ್ಕೆಗೆ ಕಾರಣ. ಮಳೆ ಲೆಕ್ಕದಲ್ಲಿ ಯಾವ ಗುಣ ಅದನ್ನು ಹೊರಗಿಟ್ಟಿತೋ ಅದೇ ಗುಣ ಇಲ್ಲಿ ಕೆಲಸಕ್ಕೆ ಬಂತು. ಇಂದಿನ ಸಂವೇದಕಗಳಿಗೆ ಅಗಸ್ತ್ಯ, ಕನೋಪಸ್, ಸುಹೈಲ್ ಯಾವ ಹೆಸರೂ ಬೇಡ, ಪಟ್ಟಿಯ ಸಂಖ್ಯೆ ಸಾಕು. ಸಂಖ್ಯೆಯೂ ಬಳಕೆಯಿಂದ ಹುಟ್ಟಿದ ಒಂದು ಹೆಸರೇ. ಪೀಣ್ಯದ ಪ್ರಯೋಗಾಲಯದಲ್ಲಿ ಅಗಸ್ತ್ಯಕ್ಕೆ ಸಂಖ್ಯೆ, ಹಳ್ಳಿಯಲ್ಲಿ ಭರಣಿಗೆ ಮಳೆ, ಪಂಚಾಂಗದಲ್ಲಿ ಚಿತ್ರೆಗೆ ತಿಂಗಳು. ಇಂಥ ಹಲವು ನಕ್ಷತ್ರಗಳನ್ನು ಒಂದೇ ಆಕಾಶದಲ್ಲಿ ನೋಡಲು ಜನವರಿ, ಫೆಬ್ರವರಿ ತಿಂಗಳ ರಾತ್ರಿಗಳು ಬಾಗಲಗುಂಟೆಯಲ್ಲಿ ಅನುಕೂಲ: ಆಗ ಮೋಡವಿರುವುದು ವಿರಳ, ರಾತ್ರಿ ಒಂಬತ್ತಕ್ಕೆ ರೋಹಿಣಿ, ಆರ್ದ್ರಾ, ಬ್ರಹ್ಮಹೃದಯ, ಲುಬ್ಧಕ, ಅಗಸ್ತ್ಯ ಐದೂ ಒಟ್ಟಿಗೆ ಮೇಲಿರುತ್ತವೆ.